ನೆರೆಯ ಮಾತು, ಚುಕ್ಕೆಯ ಹಕ್ಕು: ಬಿಲೀಫ್ ಪ್ರಾಪಗೇಶನ್ ಕುರಿತು ಗ್ರಂಥಸಂಪಾದನೆಯ ಕಡೆಯಿಂದ ಒಂದು ವಿಮರ್ಶೆ

ಕನ್ನಡ ಎಂ.ಎ. ವಿದ್ಯಾರ್ಥಿಗೆ ಚಿತ್ರಸಂಸ್ಕರಣೆಯ ಅಲ್ಗಾರಿದಮ್ ಯಾಕೆ ಅಂತ ಕೆಲವರಿಗೆ ಅನ್ನಿಸಿರಬಹುದು. ಕಾರಣ ಸರಳ. ನಾವು ಇನ್ನು ಮುಂದೆ ಓದುವ ಹಳೆಯ ಪುಸ್ತಕ, ಓಲೆಗರಿ, ಶಾಸನದ ಅಚ್ಚು ಇವೆಲ್ಲ ನಮ್ಮ ಕೈಗೆ ಬರುವ ಮುಂಚೆ ಒಂದು ಯಂತ್ರದ ಕಣ್ಣನ್ನು ದಾಟಿ ಬರುತ್ತವೆ. ಆ ಕಣ್ಣು ಏನನ್ನು ಕೊಳೆ ಅಂತ ಒರೆಸುತ್ತದೆ, ಏನನ್ನು ಅಕ್ಷರ ಅಂತ ಉಳಿಸುತ್ತದೆ ಅನ್ನುವುದು ಪಾಠನಿರ್ಣಯದ ಪ್ರಶ್ನೆ. ಹಾಗಾಗಿ ಅದು ನಮ್ಮ ಪ್ರಶ್ನೆಯೂ ಹೌದು.

ಉದಾಹರಣೆಗೆ ತೇನಿ ಜಿಲ್ಲೆಯ ಕಂಬಂ ಕಣಿವೆಯನ್ನು ತೆಗೆದುಕೊಂಡಿದ್ದೇನೆ. ಸುತ್ತ ತಮಿಳು, ಒಳಗೆ ಕನ್ನಡ ಮನೆಮಾತಾಗಿರುವ ಕಪ್ಪಿಲಿಯರು, ಅನುಪ್ಪರು, ಪಕ್ಕದ ದಿಂಡಿಗಲ್ ಜಿಲ್ಲೆಯ ಚಿನ್ನಾಳಪಟ್ಟಿಯಂಥ ಕೈಮಗ್ಗದ ಊರಿನಲ್ಲಿ ದೇವಾಂಗ ನೇಕಾರರು ಇರುವ ಪ್ರದೇಶ ಅದು. ನೆರೆಯ ಮಾತಿನ ಒತ್ತಡ ಅಂದರೇನು ಅಂತ ಕೇಳುವುದಕ್ಕೆ ಇದು ತಕ್ಕ ಜಾಗ. ಆ ಊರಿನ ಹೆಸರೇ ನನ್ನ ಮೊದಲ ಉದಾಹರಣೆ.

1. ಗುರುತು ಹಚ್ಚುವ ಸಮಸ್ಯೆ

‘ಕಂಬಂ’ ಅಂತ ಕನ್ನಡದಲ್ಲಿ ಬರೆದು ನೋಡಿ, ಎರಡು ಸೊನ್ನೆ ಬರುತ್ತವೆ. ತಮಿಳಿನಲ್ಲಿ ಬರೆದರೂ ಮಕಾರದ ಮೇಲೆ ಎರಡು ಕಡೆ ಪುಳ್ಳಿ, ಅಂದರೆ ಚುಕ್ಕೆ, ಇಡಬೇಕು. ಎರಡು ಲಿಪಿಯಲ್ಲೂ ಈ ಹೆಸರು ಸಣ್ಣ ಗುರುತುಗಳ ಮೇಲೆ ನಿಂತಿದೆ. ಈಗ ಈ ಪದ ಇರುವ ಒಂದು ಮಾಸಿದ ಹಾಳೆಯ ಫೋಟೋ ಇದೆ ಅಂತ ಇಟ್ಟುಕೊಳ್ಳೋಣ. ಫೋಟೋದ ಪ್ರತಿ ಪಿಕ್ಸೆಲ್‌ಗೂ ‘ಮಸಿ’ ಅಥವಾ ‘ಹಾಳೆ’ ಅಂತ ಒಂದು ಗುರುತು ಹಚ್ಚಬೇಕು. ಇದನ್ನೇ ಲೇಬಲಿಂಗ್ ಸಮಸ್ಯೆ ಅನ್ನುತ್ತಾರೆ. ಗುರುತುಗಳು ಎರಡೇ ಇರಬೇಕೆಂದಿಲ್ಲ. ಎರಡು ಕ್ಯಾಮೆರಾದ ಚಿತ್ರಗಳಿಂದ ಯಾವ ಬಿಂದು ಎಷ್ಟು ದೂರದಲ್ಲಿದೆ ಅಂತ ಹೇಳುವಾಗ ದೂರದ ಒಂದೊಂದು ಹಂತವೂ ಒಂದೊಂದು ಗುರುತು.

ಒಂದು ಪಿಕ್ಸೆಲ್ ತನ್ನಷ್ಟಕ್ಕೆ ತಾನು ಹೇಳುವ ಸಾಕ್ಷ್ಯ ಸಾಲದು. ಕಲೆಯೂ ಕಪ್ಪು, ಮಸಿಯೂ ಕಪ್ಪು. ಅದಕ್ಕೆ ನೆರೆಯನ್ನು ಕೇಳಬೇಕು. ಈ ಮಾದರಿಯಲ್ಲಿ ಎರಡು ಬಗೆಯ ವೆಚ್ಚ ಇರುತ್ತದೆ. ಮೊದಲನೆಯದು ಕಣ್ಣಿಗೆ ಕಾಣುವುದಕ್ಕೆ ವಿರುದ್ಧವಾದ ಗುರುತು ಹಚ್ಚಿದರೆ ತೆರುವ ವೆಚ್ಚ. ಎರಡನೆಯದು ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳಿಗೆ ಬೇರೆಬೇರೆ ಗುರುತು ಬಂದರೆ ತೆರುವ ವೆಚ್ಚ. ಈ ಎರಡನೆಯದನ್ನು ನಾನು ‘ದಂಡ’ ಅಂತ ಕರೆಯುತ್ತೇನೆ. ಇಡೀ ಚಿತ್ರದ ಒಟ್ಟು ವೆಚ್ಚಕ್ಕೆ ಎನರ್ಜಿ ಅಂತ ಹೆಸರು. ಅದು ಅತಿ ಕಡಿಮೆ ಆಗುವ ಹಾಗೆ ಎಲ್ಲ ಪಿಕ್ಸೆಲ್‌ಗಳಿಗೂ ಗುರುತು ಹಚ್ಚುವುದು ಗುರಿ. 1984ರಲ್ಲಿ ಸ್ಟುವರ್ಟ್ ಜೆಮನ್ ಮತ್ತು ಡೊನಾಲ್ಡ್ ಜೆಮನ್ ಸೋದರರು ಬರೆದ ಪ್ರಬಂಧದಿಂದ ಈ ಬಗೆಯ ಮಾದರಿ ಚಿತ್ರಸಂಸ್ಕರಣೆಯಲ್ಲಿ ನೆಲೆಯೂರಿತು.

2. ಮಾತು ಹೇಗೆ ಹರಡುತ್ತದೆ

ಲಕ್ಷಾಂತರ ಪಿಕ್ಸೆಲ್‌ಗಳಿರುವಾಗ ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ನೋಡುವುದು ಆಗದ ಮಾತು. ಜೂಡಿಯಾ ಪರ್ಲ್ 1982ರಲ್ಲಿ ಮುಂದಿಟ್ಟ ಬಿಲೀಫ್ ಪ್ರಾಪಗೇಶನ್ ಇದಕ್ಕೊಂದು ದಾರಿ. ಪ್ರತಿ ಪಿಕ್ಸೆಲ್ ತನ್ನ ನೆರೆಗೆ ಒಂದು ಸಂದೇಶ ಕಳಿಸುತ್ತದೆ: “ನೀನು ಮಸಿಯಾದರೆ ನನ್ನ ಕಡೆ ಇಷ್ಟು ವೆಚ್ಚ, ಹಾಳೆಯಾದರೆ ಇಷ್ಟು.” ಆ ಸಂದೇಶವನ್ನು ಕಟ್ಟುವಾಗ ಅದು ತಾನು ಕಂಡದ್ದನ್ನೂ ತನ್ನ ಬೇರೆ ನೆರೆಗಳು ಹೇಳಿದ್ದನ್ನೂ ಸೇರಿಸುತ್ತದೆ. ಒಂದನ್ನು ಮಾತ್ರ ಬಿಡುತ್ತದೆ. ಯಾರಿಗೆ ಸಂದೇಶ ಹೋಗುತ್ತಿದೆಯೋ ಅವರೇ ಮುಂಚೆ ಹೇಳಿದ ಮಾತನ್ನು ಅದರಲ್ಲಿ ಸೇರಿಸುವುದಿಲ್ಲ. ನೀವು ಹೇಳಿದ ಸುದ್ದಿಯನ್ನೇ ನಾನು ನಿಮಗೆ ತಿರುಗಿ ಹೇಳಿ “ನೋಡಿ, ನಾನೂ ಕೇಳಿದ್ದೇನೆ” ಅಂದರೆ ಅದು ಎರಡನೇ ಸಾಕ್ಷಿ ಆಗುವುದಿಲ್ಲವಲ್ಲ. ಈ ನಿಯಮ ನನಗೆ ಬಹಳ ಇಷ್ಟ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

‘ಬಿಲೀಫ್’ ಅನ್ನುವ ಪದದ ಬಗ್ಗೆಯೂ ಒಂದು ಮಾತು. ಅದನ್ನು ‘ನಂಬಿಕೆ’ ಅಂತ ಕನ್ನಡಿಸಿದರೆ ದಾರಿ ತಪ್ಪುತ್ತದೆ. ನಮ್ಮ ನಂಬಿಕೆಗೆ ಶ್ರದ್ಧೆಯ ವಾಸನೆ ಇದೆ. ಇಲ್ಲಿರುವುದು ಹೊಸ ಸಾಕ್ಷ್ಯ ಬಂದ ಹಾಗೆ ಬದಲಾಗುವ ಸಂಖ್ಯೆ. ‘ಎಣಿಕೆ’ ಅಂದರೆ ಹೆಚ್ಚು ಸರಿ ಅಂತ ನನ್ನ ಅಭಿಪ್ರಾಯ. ಕನ್ನಡದಲ್ಲಿ ಎಣಿಸುವುದು ಅಂದರೆ ಲೆಕ್ಕ ಹಾಕುವುದೂ ಹೌದು, ಹೀಗಿರಬಹುದು ಅಂತ ಭಾವಿಸುವುದೂ ಹೌದು.

ಈಗ ಒಂದು ಚಿಕ್ಕ ಲೆಕ್ಕ. ಕಂಬಂನ ಮಕಾರದ ಮೇಲಿನ ಪುಳ್ಳಿ ಫೋಟೋದಲ್ಲಿ ಒಂದೇ ಪಿಕ್ಸೆಲ್ ಆಗಿ ಬಿದ್ದಿದೆ ಅಂತ ಇಟ್ಟುಕೊಳ್ಳಿ. ಅದನ್ನು ‘ಮಸಿ’ ಅಂದರೆ ವೆಚ್ಚ 2, ‘ಹಾಳೆ’ ಅಂದರೆ 6. ಅಂದರೆ ಕಣ್ಣಿನ ಸಾಕ್ಷ್ಯ ಚುಕ್ಕೆಯ ಪರವಾಗಿಯೇ ಇದೆ. ಸುತ್ತ ನಾಲ್ಕು ನೆರೆಗಳೂ ಹಾಳೆ. ಒಂದೊಂದು ಭಿನ್ನಮತಕ್ಕೆ ದಂಡ 0.5 ಆದರೆ ಮಸಿಯ ಒಟ್ಟು ವೆಚ್ಚ 2+2, ಅಂದರೆ 4. ಅದು ಆರಕ್ಕಿಂತ ಕಡಿಮೆ, ಚುಕ್ಕೆ ಉಳಿಯುತ್ತದೆ. ದಂಡವನ್ನು 2.5 ಮಾಡಿದರೆ ಮಸಿಯ ವೆಚ್ಚ 2+10, ಅಂದರೆ 12. ಹಾಳೆ ಅಂದರೆ ಬರೀ 6. ಚುಕ್ಕೆ ಹೋಯಿತು. ಚುಕ್ಕೆ ಬದಲಾಗಿಲ್ಲ, ಕಂಡದ್ದೂ ಬದಲಾಗಿಲ್ಲ. ಬದಲಾದದ್ದು ದಂಡ ಮಾತ್ರ.

ಅದೇ 2.5ರ ದಂಡದಲ್ಲಿ ಮೂರು ಪಿಕ್ಸೆಲ್ ಅಗಲ, ಮೂರು ಪಿಕ್ಸೆಲ್ ಎತ್ತರದ ಒಂದು ಮಸಿಯ ಗುಂಪು ಉಳಿಯುತ್ತದೆ. ಅದನ್ನು ಅಳಿಸಿದರೆ ಕಣ್ಣಿನ ಸಾಕ್ಷ್ಯದಲ್ಲಿ ಆಗುವ ನಷ್ಟ 36, ಅದರ ಅಂಚಿನ 12 ಕಡೆ ತೆರುವ ದಂಡ 30. ಆದರೆ ಒಂದು ಪಿಕ್ಸೆಲ್ ದಪ್ಪದ ಗೆರೆ ಎಷ್ಟು ಉದ್ದವಿದ್ದರೂ ಉಳಿಯುವುದಿಲ್ಲ. ಪ್ರತಿ ಪಿಕ್ಸೆಲ್‌ಗೆ ಸಾಕ್ಷ್ಯದ ಬಲ 4, ಅದರ ಎರಡು ಬದಿಗೆ ತೆರುವ ದಂಡ 5. ಬಲ ಬರುವುದು ವಿಸ್ತೀರ್ಣದಿಂದ, ದಂಡ ಬೀಳುವುದು ಅಂಚಿನ ಮೇಲೆ. ತೆಳ್ಳಗಿರುವುದಕ್ಕೆ ಪೂರ್ತಿ ಅಂಚೇ. ಅದಕ್ಕೇ ಅದು ಸೋಲುತ್ತದೆ.

ಕನ್ನಡದಲ್ಲಿ ತೆಳ್ಳಗಿರುವುದು ಯಾವುದು? ಸೊನ್ನೆಯ ಬಳೆ ತೆಳ್ಳಗಿದೆ. ಅದು ಹೋದರೆ ‘ಬಂಡಿ’ ಇದ್ದದ್ದು ‘ಬಡಿ’ ಆಗುತ್ತದೆ, ‘ಮಂಡಿ’ ಇದ್ದದ್ದು ‘ಮಡಿ’ ಆಗುತ್ತದೆ. ‘ದಂಡ’ವೇ ‘ದಡ’ ಆಗುತ್ತದೆ. ಮಹಾಪ್ರಾಣದ ಕೆಳಗಿನ ಸೀಳು ತೆಳ್ಳಗಿದೆ. ಅದು ಹೋದರೆ ಕಾವ್ಯದ ‘ಅಧರ’ ಬರೀ ‘ಅದರ’ ಆಗುತ್ತದೆ, ‘ಧನ’ ಹೋಗಿ ‘ದನ’ ಉಳಿಯುತ್ತದೆ. ಇವು ಯಾವುವೂ ಅರ್ಥವಿಲ್ಲದ ಪದಗಳಲ್ಲ. ತಪ್ಪಾಗಿದೆ ಅಂತ ಓದುಗನಿಗೆ ಗೊತ್ತೇ ಆಗದೆ ಇರಬಹುದು ಅನ್ನುವುದೇ ಇಲ್ಲಿನ ಅಪಾಯ.

3. ಮರ ಮತ್ತು ಸುತ್ತು

ಈಗ ಗ್ರಂಥಸಂಪಾದನೆಗೆ ಬರೋಣ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ನಾವೆಲ್ಲ ಪಠ್ಯವಾಗಿ ಓದುತ್ತೇವೆ. ಹತ್ತು ಪ್ರತಿಗಳು ಒಂದೇ ಪಾಠ ಕೊಟ್ಟರೂ ಆ ಹತ್ತೂ ಒಂದೇ ಮೂಲದಿಂದ ನಕಲಾಗಿದ್ದರೆ ಅವು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಅದಕ್ಕೇ ಸಂಪಾದಕರು ಪ್ರತಿಗಳ ವಂಶವೃಕ್ಷ ಕಟ್ಟುತ್ತಾರೆ. ಬಿಲೀಫ್ ಪ್ರಾಪಗೇಶನ್‌ನ ನಿಯಮ ಕೂಡ ಇದೇ: ಒಬ್ಬರ ಮಾತು ಅವರಿಗೇ ತಿರುಗಿ ಸಾಕ್ಷಿಯಾಗಿ ಬರಬಾರದು.

ಹೋಲಿಕೆ ಇಷ್ಟಕ್ಕೇ ನಿಲ್ಲುವುದಿಲ್ಲ. ಪರ್ಲ್ ಅವರ ವಿಧಾನ ಕರಾರುವಾಕ್ಕಾದ ಉತ್ತರ ಕೊಡುವುದು ಸಂಬಂಧಗಳ ಜಾಲ ಮರದ ಆಕಾರದಲ್ಲಿದ್ದಾಗ. ಚಿತ್ರದ ಪಿಕ್ಸೆಲ್‌ಗಳು ಚದುರಂಗದ ಹಾಸಿನ ಹಾಗೆ ಇರುತ್ತವೆ, ಅಲ್ಲಿ ಎಲ್ಲೆಲ್ಲೂ ಸುತ್ತುಗಳು. ನಾನು ಬಲಗಡೆ ಹೇಳಿದ ಮಾತು ಕೆಳಗಿಳಿದು, ಎಡಕ್ಕೆ ಹೋಗಿ, ಕೆಳಗಿನ ನೆರೆಯಿಂದ ನನಗೇ ಹೊಸ ಸುದ್ದಿಯಂತೆ ಬರುತ್ತದೆ. ಆಗ ಒಂದೇ ಸಾಕ್ಷ್ಯವನ್ನು ಎರಡು ಸಲ ಎಣಿಸಿದಂತಾಯಿತು. ಹಸ್ತಪ್ರತಿಗಳಲ್ಲಿ ಲಿಪಿಕಾರ ಎರಡು ಪ್ರತಿಗಳನ್ನು ಮುಂದಿಟ್ಟುಕೊಂಡು ಬೆರೆಸಿ ಬರೆದಾಗ ವಂಶವೃಕ್ಷ ಕೆಡುತ್ತದಲ್ಲ, ಅದೂ ಸುತ್ತೇ. ಇಬ್ಬರ ಕಷ್ಟವೂ ಒಂದೇ ಜಾಗದಲ್ಲಿ ಹುಟ್ಟುತ್ತದೆ.

ಸುತ್ತು ಇದ್ದರೂ ಎಂಜಿನಿಯರುಗಳು ಈ ವಿಧಾನವನ್ನು ಬಳಸಿದರು, ಬಹಳ ಕಡೆ ಅದು ಚೆನ್ನಾಗಿಯೇ ಕೆಲಸ ಮಾಡಿತು. ಪೆಡ್ರೊ ಫೆಲ್ಜನ್ಸ್‌ವಾಲ್ಬ್ ಮತ್ತು ಡೇನಿಯಲ್ ಹಟನ್‌ಲಾಕರ್ 2004ರಲ್ಲಿ ಮಂಡಿಸಿ 2006ರಲ್ಲಿ ವಿಸ್ತರಿಸಿದ ಪ್ರಬಂಧ ಇದನ್ನು ವೇಗವಾಗಿಸಿತು. ಗುರುತುಗಳ ಸಂಖ್ಯೆಯ ವರ್ಗದಷ್ಟು ಬೇಕಿದ್ದ ಕೆಲಸ, ಸಾಮಾನ್ಯವಾಗಿ ಬಳಸುವ ದಂಡಗಳಿಗೆ, ಆ ಸಂಖ್ಯೆಯಷ್ಟಕ್ಕೆ ಇಳಿಯಿತು. ಚದುರಂಗದ ಕಪ್ಪು ಮನೆ, ಬಿಳಿ ಮನೆಗಳ ಹಾಗೆ ಸರದಿಯಲ್ಲಿ ಸಂದೇಶ ಕಳಿಸಿದ್ದರಿಂದ ನೆನಪಿನ ಜಾಗ ಉಳಿಯಿತು. ಮೊದಲು ದೊಡ್ಡ ತುಂಡುಗಳಲ್ಲಿ ಲೆಕ್ಕ ಮಾಡಿ ಆಮೇಲೆ ಸಣ್ಣ ತುಂಡುಗಳಿಗೆ ಇಳಿದದ್ದರಿಂದ ದೂರದ ಮಾತು ಬೇಗ ತಲುಪಿತು.

ಆದರೆ ನನ್ನ ವಾದಕ್ಕೆ ಬೇಕಾದ ಸಂಗತಿ ಬೇರೆ. ರಿಚರ್ಡ್ ಜೆಲಿಸ್ಕಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ತೌಲನಿಕ ಅಧ್ಯಯನ ಈ ಬಗೆಯ ಹಲವು ವಿಧಾನಗಳನ್ನು ಒಟ್ಟಿಗಿಟ್ಟು ನೋಡಿತು. ದೂರ ಅಳೆಯುವ ಚಿತ್ರಗಳಲ್ಲಿ ಒಂದು ವಿಚಿತ್ರ ಕಂಡಿತು. ಅಲ್ಗಾರಿದಮ್ ಕೊಟ್ಟ ಉತ್ತರದ ಎನರ್ಜಿಗಿಂತ ನಿಜವಾದ ಉತ್ತರದ ಎನರ್ಜಿಯೇ ಹೆಚ್ಚಿತ್ತು. 2003ರಲ್ಲಿ ಟ್ಯಾಪನ್ ಮತ್ತು ಫ್ರೀಮನ್ ಕೂಡ ಇಂಥದ್ದನ್ನೇ ಗಮನಿಸಿದ್ದರು. ಇದರ ಅರ್ಥ ಏನು ನೋಡಿ. ಮಾದರಿಯ ಕಣ್ಣಿನಲ್ಲಿ ಸತ್ಯವೇ ದುಬಾರಿ, ಸುಳ್ಳು ಅಗ್ಗ. ಇನ್ನೂ ಚುರುಕಾದ ಅಲ್ಗಾರಿದಮ್ ತಂದರೆ ಇನ್ನೂ ಅಗ್ಗದ ಸುಳ್ಳು ಸಿಗುತ್ತದೆ, ಅಷ್ಟೇ. ದೋಷ ಇರುವುದು ಮಾತು ಹರಡುವ ಕ್ರಮದಲ್ಲಿ ಮಾತ್ರ ಅಲ್ಲ, ದಂಡ ಕಟ್ಟಿದವರ ಕಲ್ಪನೆಯಲ್ಲಿ. ಲೋಕ ಅವರು ಅಂದುಕೊಂಡಷ್ಟು ನುಣುಪಾಗಿಲ್ಲ.

4. ದೇವರ ಆವು

ಕಂಬಂ ಕಣಿವೆ ಆಗ ಮದುರೆ ಜಿಲ್ಲೆಯಲ್ಲಿತ್ತು. ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿ ಅವರ ನೆರವಿನಿಂದ 1909ರಲ್ಲಿ ತಂದ ಏಳು ಸಂಪುಟಗಳಲ್ಲಿ ಕಪ್ಪಿಲಿಯರನ್ನು ಕನ್ನಡ ಮಾತಾಡುವ ಬೇಸಾಯಗಾರರು ಅಂತ ದಾಖಲಿಸಿದ್ದಾರೆ. ಕಂಬಂನ ಅವರ ಪವಿತ್ರ ದನದ ಮಂದೆಗೆ ಅಲ್ಲಿ ಎರಡು ಹೆಸರು ಸಿಗುತ್ತವೆ: ಕನ್ನಡದಲ್ಲಿ ದೇವರ ಆವು, ತಮಿಳಿನಲ್ಲಿ ತಂಬಿರಾನ್ ಮಾಡು. ಮಂದೆಯ ಮುಖ್ಯ ಹೋರಿಗೆ ಪಟ್ಟದ ಆವು ಅಂತ ಹೆಸರು.

‘ಆವು’ ಹಳಗನ್ನಡ ಓದಿದ ನಮಗೆ ಗೊತ್ತಿರುವ ಪದ. ಇವತ್ತಿನ ಬರವಣಿಗೆಯಲ್ಲಿ ಅಪರೂಪ. ‘ದೇವರ ಆವು’ ಅಂತ ಅಚ್ಚಾದ ಒಂದು ಮಾಸಿದ ಸಾಲನ್ನು ಯಂತ್ರ ಓದಬೇಕಾಗಿದೆ ಅಂತ ಇಟ್ಟುಕೊಳ್ಳಿ. ಇಲ್ಲಿ ಪಿಕ್ಸೆಲ್ ಬದಲು ಅಕ್ಷರಗಳಿಗೆ ಗುರುತು ಹಚ್ಚಬೇಕು. ಒಂದೊಂದು ಅಕ್ಷರವೂ ಪಕ್ಕದ ಅಕ್ಷರದೊಂದಿಗೆ ಮಾತಾಡುತ್ತದೆ. ಇದು ಸರಪಳಿ, ಸುತ್ತು ಇಲ್ಲ. ಹಾಗಾಗಿ ಬಿಲೀಫ್ ಪ್ರಾಪಗೇಶನ್ ಇಲ್ಲಿ ಕರಾರುವಾಕ್ಕು. ಆದರೂ ಇವತ್ತಿನ ಪತ್ರಿಕೆಗಳ ಭಾಷೆಯಿಂದ ಕಲಿತ ಮಾದರಿಗೆ ‘ಆವು’ಗಿಂತ ‘ಹಾವು’ ಎಷ್ಟೋ ಅಗ್ಗ. ಕಣ್ಣಿನ ಸಾಕ್ಷ್ಯ ಸ್ವಲ್ಪ ಮಂಕಾಗಿದ್ದರೆ ಸಾಕು, ‘ದೇವರ ಹಾವು’ ಅಂತ ಬರುತ್ತದೆ. ದೇವರಿಗೂ ಹಾವಿಗೂ ನಮ್ಮ ಸಂಸ್ಕೃತಿಯಲ್ಲಿ ನಂಟು ಇರುವುದರಿಂದ ಓದುವವರಿಗೂ ಅನುಮಾನ ಬರುವುದಿಲ್ಲ. ಲೆಕ್ಕ ಪೂರ್ತಿ ಸರಿ, ಪಾಠ ಪೂರ್ತಿ ತಪ್ಪು.

ಗ್ರಂಥಸಂಪಾದನೆಯಲ್ಲಿ ಇದಕ್ಕೆ ಎದುರಾದ ಒಂದು ಹಳೆಯ ಸೂತ್ರ ಇದೆ. ಎರಡು ಪಾಠಗಳು ಎದುರಾದಾಗ ಕಠಿಣವಾದದ್ದು ಮೂಲವಾಗಿರುವ ಸಂಭವ ಹೆಚ್ಚು. ಯಾಕೆಂದರೆ ಲಿಪಿಕಾರ ಕಷ್ಟದ ಪದವನ್ನು ಸುಲಭ ಮಾಡುತ್ತಾನೆ, ಸುಲಭದ್ದನ್ನು ಕಷ್ಟ ಮಾಡುವುದು ಕಡಿಮೆ. ನುಣುಪು ದಂಡದ ಮಾದರಿ ಇದಕ್ಕೆ ತದ್ವಿರುದ್ಧ: ಸುಲಭವಾದದ್ದೇ ಗೆಲ್ಲಬೇಕು ಅನ್ನುತ್ತದೆ. ಅಂದರೆ ಯಂತ್ರ ಇಲ್ಲಿ ಸಂಪಾದಕನ ಕೆಲಸ ಮಾಡುತ್ತಿಲ್ಲ, ಲಿಪಿಕಾರನ ಕೆಲಸ ಮಾಡುತ್ತಿದೆ. ಅದೂ ಬಹಳ ವಿಧೇಯ ಲಿಪಿಕಾರ.

ಹಾಗಂತ ನೆರೆಯ ಮಾತನ್ನೇ ಕೇಳಬೇಡಿ ಅನ್ನುತ್ತಿಲ್ಲ. ತಮಿಳಿನ ಓಲೆಗರಿಗಳಲ್ಲಿ ಪುಳ್ಳಿಯನ್ನು ಬಹಳ ಸಲ ಇಡುತ್ತಲೇ ಇರಲಿಲ್ಲ. ಕಂಟದಿಂದ ಚುಚ್ಚಿದರೆ ಗರಿ ತೂತಾಗುತ್ತದೆ ಅನ್ನುವುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಓದುವವರು ಅಕ್ಕಪಕ್ಕದ ಅಕ್ಷರ ನೋಡಿ ಇಲ್ಲದ ಚುಕ್ಕೆಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಅಲ್ಲಿ ಚುಕ್ಕೆಯನ್ನು ಉಳಿಸಿದ್ದೇ ನೆರೆ. ಇದ್ದ ಚುಕ್ಕೆಯನ್ನು ಅಳಿಸುವುದೂ ನೆರೆಯೇ ಆಗಬಹುದು. ಯಾವ ನೆರೆಗೆ, ಎಷ್ಟು ದನಿ ಅನ್ನುವುದೇ ಪ್ರಶ್ನೆ.

5. ಲೆಕ್ಕಕ್ಕೆ ಮುಂಚಿನ ಮೂರು ತೀರ್ಮಾನ

‘ಕಂಪ್ಯೂಟರ್ ಹೀಗೆ ಓದಿತು’ ಅನ್ನುವ ಮುಂಚೆ ಮೂರು ತೀರ್ಮಾನಗಳನ್ನು ಮನುಷ್ಯರು ಮಾಡಿ ಮುಗಿಸಿರುತ್ತಾರೆ. ಗುರುತುಗಳ ಪಟ್ಟಿ ಯಾವುದು, ಕಂಡದ್ದಕ್ಕೆ ಎಷ್ಟು ಬೆಲೆ, ಭಿನ್ನಮತಕ್ಕೆ ಎಷ್ಟು ದಂಡ.

ಪಟ್ಟಿಯಲ್ಲಿ ಇಲ್ಲದ ಗುರುತನ್ನು ಯಾವ ಅಲ್ಗಾರಿದಮ್ಮೂ ಹಚ್ಚಲಾರದು. ಇದು ಕಂಪ್ಯೂಟರ್‌ಗೆ ಮಾತ್ರ ಸಂಬಂಧಿಸಿದ್ದಲ್ಲ. 2011ರ ಜನಗಣತಿಯಲ್ಲಿ ಜನ ತಮ್ಮ ಮಾತೃಭಾಷೆ ಅಂತ ಹೇಳಿದ ಹೆಸರುಗಳು 19,569. ಅವನ್ನು ಪರಿಶೀಲಿಸಿ 1,369 ಮಾಡಿದರು. ಹತ್ತು ಸಾವಿರಕ್ಕಿಂತ ಕಡಿಮೆ ಜನ ಹೇಳಿದ ಹೆಸರುಗಳನ್ನು ಪ್ರತ್ಯೇಕವಾಗಿ ತೋರಿಸದೆ ಕೊನೆಗೆ 121 ಭಾಷೆಗಳ ಪಟ್ಟಿ ಕೊಟ್ಟರು. ನೀಲಗಿರಿಯ ಬಡಗ ಆ ಪಟ್ಟಿಯಲ್ಲಿ ಕನ್ನಡದ ಅಡಿಯಲ್ಲಿ ಬರುತ್ತದೆ. ಅಷ್ಟು ಹೆಸರುಗಳನ್ನು ಹಾಗೇ ಅಚ್ಚು ಹಾಕುವುದು ಕಷ್ಟ ಅನ್ನುವುದು ನಿಜ. ಆದರೆ ಅಲ್ಲಿ ಮೂಲ ಹೇಳಿಕೆಗೂ ಕೊನೆಯ ಪಟ್ಟಿಗೂ ನಡುವೆ ಒಂದು ಒರೆಸುವ ಕೆಲಸ ನಡೆದಿದೆ ಅಂತ ಕೊನೇಪಕ್ಷ ಸಂಖ್ಯೆಗಳಿಂದ ಗೊತ್ತಾಗುತ್ತದೆ. ಶುಚಿಮಾಡಿದ ಹಸ್ತಪ್ರತಿಯ ಚಿತ್ರದಲ್ಲಿ ಅಷ್ಟೂ ಗೊತ್ತಾಗುವುದಿಲ್ಲ.

ದಂಡದ ವಿಷಯದಲ್ಲಿ ಎಂಜಿನಿಯರುಗಳೇ ಕೆಲವು ದಾರಿ ಕಂಡುಕೊಂಡಿದ್ದಾರೆ. ಚಿತ್ರದಲ್ಲಿ ಬಣ್ಣ ತಟ್ಟನೆ ಬದಲಾಗುವ ಕಡೆ ದಂಡ ಇಳಿಸುತ್ತಾರೆ. ಗುರುತುಗಳ ಅಂತರ ಎಷ್ಟೇ ದೊಡ್ಡದಾದರೂ ದಂಡ ಒಂದು ಮಿತಿ ದಾಟದ ಹಾಗೆ ಕತ್ತರಿಸುತ್ತಾರೆ. ಇವು ಬೇಕು. ಸಾಹಿತ್ಯದ ಕಡೆಯಿಂದ ನಾನು ಇನ್ನೆರಡು ಸೇರಿಸುತ್ತೇನೆ. ಒಂದು, ಶುಚಿಮಾಡಿದ ಚಿತ್ರದ ಜೊತೆ ಮೂಲ ಚಿತ್ರವನ್ನು ಕಡ್ಡಾಯವಾಗಿ ಉಳಿಸಬೇಕು. ಬಳಸಿದ ದಂಡ ಎಷ್ಟು ಅಂತ ಬರೆದಿಡಬೇಕು. ಎರಡು, ಯಂತ್ರ ಗೆದ್ದ ಗುರುತನ್ನು ಮಾತ್ರ ಕೊಡದೆ ಸೋತ ಗುರುತಿನ ಎಣಿಕೆಯನ್ನೂ ಕೊಡಬೇಕು. ‘ಹಾವು’ ಅಂತ ಓದಿ, ಅಡಿಯಲ್ಲಿ ‘ಆವು’ ಸ್ವಲ್ಪದರಲ್ಲೇ ಸೋತಿತು ಅಂತ ಬರೆದರೆ ಸಾಕು. ನಾವು ಅದನ್ನು ಪಾಠಾಂತರ ಅನ್ನುತ್ತೇವೆ. ಆದರೆ ಒಂದು ಎಚ್ಚರಿಕೆ: ಸುತ್ತುಗಳಿರುವ ಜಾಲದಲ್ಲಿ ಒಂದೇ ಸಾಕ್ಷ್ಯ ಹಲವು ಸಲ ಎಣಿಕೆಯಾಗಿ ಯಂತ್ರದ ಆತ್ಮವಿಶ್ವಾಸ ಅತಿಯಾಗುವುದು ಸಾಮಾನ್ಯ. ಅದು ಹೇಳುವ ಖಚಿತತೆಯನ್ನು ಸ್ವಲ್ಪ ಇಳಿಸಿಯೇ ಓದಬೇಕು.

ಇಷ್ಟು ನನ್ನ ಮಂಡನೆ. ಈಗ ಪ್ರಶ್ನೆಗಳಿಗೆ ಬರೋಣ.

ಸಂವಾದ

ಪ್ರಶ್ನೆ (ಒಬ್ಬ ಪ್ರಾಧ್ಯಾಪಕರಿಂದ): ಈಗೆಲ್ಲ ಡೀಪ್ ಲರ್ನಿಂಗ್ ಬಂದಿದೆ. ಈ ಹಳೆಯ ವಿಧಾನವನ್ನು ಟೀಕಿಸುವುದರಿಂದ ಏನು ಉಪಯೋಗ?

ಉತ್ತರ: ನಿಜ ಸರ್. ನರಜಾಲಗಳ ಜೊತೆ ಕೆಲವು ವರ್ಷ ಈ ನೆರೆಯ ಮಾದರಿಗಳನ್ನು ಸೇರಿಸಿ ಬಳಸಿದರು, ಆಮೇಲೆ ಬಹಳ ಕಡೆ ಕೈಬಿಟ್ಟರು. ಆದರೆ ನುಣುಪಿನ ಒಲವು ಹೋಗಿಲ್ಲ, ಜಾಗ ಬದಲಿಸಿದೆ. ಮುಂಚೆ ಅದು ದಂಡ ಅನ್ನುವ ಒಂದು ಸಂಖ್ಯೆಯಲ್ಲಿ ಕಣ್ಣಿಗೆ ಕಾಣುತ್ತಿತ್ತು. ನಾವು ಬೆರಳಿಟ್ಟು ‘ಇದು ಜಾಸ್ತಿಯಾಯಿತು’ ಅನ್ನಬಹುದಿತ್ತು. ಈಗ ಅದು ತರಬೇತಿಗೆ ಕೊಟ್ಟ ಪಠ್ಯದ ಒಳಗೆ ಸೇರಿಕೊಂಡಿದೆ. ‘ಆವು’ ಕಾಣದ ಪಠ್ಯದಿಂದ ಕಲಿತದ್ದು ‘ಹಾವು’ ಅಂತಲೇ ಓದುವ ಸಂಭವ ಹೆಚ್ಚು. ಹಳೆಯ ವಿಧಾನದಲ್ಲಿ ಪ್ರಶ್ನೆ ಸ್ಪಷ್ಟವಾಗಿ ಕಾಣುತ್ತದೆ ಅನ್ನುವ ಕಾರಣಕ್ಕೇ ಅದನ್ನು ಆರಿಸಿಕೊಂಡೆ.

ಪ್ರಶ್ನೆ (ಒಬ್ಬ ಸಹಪಾಠಿಯಿಂದ): ಕಂಬಂನ ಕನ್ನಡದವರನ್ನು ಪಿಕ್ಸೆಲ್‌ಗೆ ಹೋಲಿಸಿದ ಹಾಗಾಯಿತಲ್ಲವಾ? ಸುತ್ತಲಿನ ತಮಿಳು ಅವರನ್ನು ಅಳಿಸುತ್ತಿದೆ ಅಂತ ನಿಮ್ಮ ಅಭಿಪ್ರಾಯವಾ?

ಉತ್ತರ: ಅಲ್ಲ. ಹೋಲಿಕೆ ಮುರಿಯುವುದು ಅಲ್ಲೇ. ಪಿಕ್ಸೆಲ್‌ಗೆ ಕೊನೆಗೆ ಒಂದೇ ಗುರುತು ಇರಬೇಕು. ಮನುಷ್ಯರಿಗೆ ಹಾಗಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವವರು ಎರಡು ಗುರುತುಗಳ ನಡುವೆ ತಪ್ಪಾಗಿ ಸಿಕ್ಕಿಕೊಂಡವರಲ್ಲ, ಅವರಿಗೆ ಎರಡೂ ಸ್ವಂತ. ಥರ್ಸ್ಟನ್ ಸಂಪುಟದಲ್ಲಿ ಆ ಮಂದೆಗೆ ಎರಡು ಹೆಸರು ಅಕ್ಕಪಕ್ಕದಲ್ಲಿ ನಿಂತಿವೆ, ಒಂದು ಇನ್ನೊಂದನ್ನು ಹೊಡೆದುಹಾಕಿಲ್ಲ. ನನ್ನ ತಕರಾರು ತಮಿಳಿನ ಮೇಲಲ್ಲ, ‘ಒಂದೇ ಗುರುತು ಆರಿಸು’ ಅನ್ನುವ ನಮೂನೆಯ ಮೇಲೆ. ಜನರ ವಿಷಯಕ್ಕೆ ಆ ನಮೂನೆ ಹೊಂದುವುದೇ ಇಲ್ಲ. ಅಕ್ಷರದ ವಿಷಯಕ್ಕೆ ಹೊಂದುತ್ತದೆ. ಆದರೆ ಅಲ್ಲೂ ಸೋತ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸಿಕೊಳ್ಳುವ ಪದ್ಧತಿ ನಮ್ಮ ಸಂಪಾದಕರಲ್ಲಿ ಮೊದಲಿನಿಂದ ಇದೆ. ಅದನ್ನು ಯಂತ್ರಕ್ಕೂ ಕಲಿಸಿ ಅಂತ ಕೇಳುವ ಹಕ್ಕು ನಮಗಿದೆ.

ಸಮಯ ಮುಗಿಯಿತು ಅಂತ ಮೇಡಂ ಸೂಚಿಸುತ್ತಿದ್ದಾರೆ. ಉಳಿದ ಪ್ರಶ್ನೆಗಳನ್ನು ದಯವಿಟ್ಟು ಬರೆದು ಕಳಿಸಿ, ಉತ್ತರಿಸುತ್ತೇನೆ.